ಕನ್ಸೋಲ್ ಕಂಪನಿಗಳು ಕೈಯಿಂದ ದುಡ್ಡು ಹಾಕಿ ಪೆಟ್ಟಿಗೆ ಮಾರುವುದು ಯಾಕೆ?

2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕೋರ್ಟಿನಲ್ಲಿ ಎಪಿಕ್ ಗೇಮ್ಸ್ ಮತ್ತು ಆಪಲ್ ಕಂಪನಿಗಳ ಕೇಸು ನಡೆಯುತ್ತಿತ್ತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ, ಅಂದರೆ ಕನ್ಸೋಲ್) ವಿಭಾಗದ ಉಪಾಧ್ಯಕ್ಷೆ ಲೋರಿ ರೈಟ್ ಸಾಕ್ಷಿ ಹೇಳಲು ಬಂದಿದ್ದರು. ಒಂದು ಎಕ್ಸ್‌ಬಾಕ್ಸ್ ಮಾರಿದರೆ ನಿಮಗೆಷ್ಟು ಉಳಿಯುತ್ತದೆ ಎಂದು ವಕೀಲರು ಕೇಳಿದರು. ಏನೂ ಉಳಿಯುವುದಿಲ್ಲ, ನಷ್ಟಕ್ಕೇ ಮಾರುತ್ತೇವೆ ಎಂದರು ಅವರು. ಹಿಂದೆ ಯಾವತ್ತಾದರೂ ಲಾಭ ಸಿಕ್ಕಿತ್ತಾ? ಇಲ್ಲ.

ಇಪ್ಪತ್ತು ವರ್ಷ ಕನ್ಸೋಲ್ ಮಾರಿದ ಕಂಪನಿ ಕೋರ್ಟಿನಲ್ಲಿ ನಿಂತು ಹೇಳಿದ ಮಾತು ಇದು. ಹಾಗಾದರೆ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಇಷ್ಟು ವರ್ಷದಿಂದ ಹೊಡೆದಾಡುತ್ತಿರುವುದು ಯಾತಕ್ಕೆ? ಯಾರ ಪೆಟ್ಟಿಗೆ ಜಾಸ್ತಿ ಪವರ್‌ಫುಲ್, ಯಾರ ಗ್ರಾಫಿಕ್ಸ್ ಚೆನ್ನ ಅಂತ ಹುಡುಗರು ಜಗಳ ಆಡುತ್ತಾರೆ. ಕಂಪನಿಗಳ ಜಗಳ ಬೇರೆಯದು.

ಸಂತೆ ನಡೆಸುವ ಗುತ್ತಿಗೆದಾರ ತರಕಾರಿ ಮಾರುವುದಿಲ್ಲ. ಜಾಗ ಮಾಡಿಕೊಡುತ್ತಾನೆ, ಜನ ಪುಕ್ಕಟೆ ಒಳಗೆ ಬರಲಿ ಅಂತ ಬಿಡುತ್ತಾನೆ, ಅಂಗಡಿ ಹಾಕಿದವರಿಂದ ಸುಂಕ ಎತ್ತುತ್ತಾನೆ. ಕನ್ಸೋಲ್ ವ್ಯಾಪಾರವೂ ಇದೇ. ಪ್ಲೇಸ್ಟೇಷನ್‌ನಲ್ಲಿ ಬೇರೆ ಯಾವುದೋ ಕಂಪನಿ ಮಾಡಿದ ಗೇಮ್ ಮಾರಾಟವಾದರೆ ಅದರಲ್ಲಿ ಸೋನಿಗೆ ಪಾಲು ಹೋಗುತ್ತದೆ. ಆನ್‌ಲೈನ್ ಸ್ಟೋರ್‌ನಲ್ಲಿ ಈ ಪಾಲು ಸಾಮಾನ್ಯವಾಗಿ ನೂರಕ್ಕೆ 30. ಡಿಸ್ಕ್ ಆದರೆ ಬೇರೆ ದರ, ಆದರೂ ಕೊಡಲೇಬೇಕು. ಗೇಮ್ ಒಳಗೆ ಕೊಳ್ಳುವ ಬಟ್ಟೆ, ಬಂದೂಕು, ನಾಣ್ಯಗಳಲ್ಲೂ ಪಾಲು ಉಂಟು. ಇದರ ಮೇಲೆ ಆನ್‌ಲೈನ್ ಆಡಲು ಚಂದಾ ಬೇರೆ. ಪೆಟ್ಟಿಗೆ ಮನೆಗೆ ಬಂದರೆ ಸಾಕು, ಮುಂದಿನ ಆರೇಳು ವರ್ಷ ಆ ಮನೆಯಿಂದ ದುಡ್ಡು ಬರುತ್ತಲೇ ಇರುತ್ತದೆ.

ಈ ಸುಂಕ ಮೊದಲಿನಿಂದ ಇರಲಿಲ್ಲ. ಅದು ಹೇಗೆ ಹುಟ್ಟಿತು ಅನ್ನುವುದೇ ಈ ವ್ಯಾಪಾರದ ಅಸಲಿ ಕಥೆ.

ಬೀಗ ಹಾಕಿದವರು

1977ರಲ್ಲಿ ಬಂದ ಅಟಾರಿ 2600ಕ್ಕೆ ಬೀಗವೇ ಇರಲಿಲ್ಲ. ಅದಕ್ಕೆ ಬೇರೆಯವರೂ ಗೇಮ್ ಮಾಡಿ ಮಾರಬಹುದು ಎಂದು ಅಟಾರಿಗೆ ಹೊಳೆದೂ ಇರಲಿಲ್ಲ. ಅಲ್ಲಿನ ಪ್ರೋಗ್ರಾಮರ್‌ಗಳಿಗೆ ಸಂಬಳ ಬಿಟ್ಟರೆ ಗೇಮಿನ ಮೇಲೆ ಹೆಸರೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಸಿಟ್ಟಿಗೆದ್ದ ಡೇವಿಡ್ ಕ್ರೇನ್, ಅಲನ್ ಮಿಲ್ಲರ್ ಮತ್ತು ಇನ್ನಿಬ್ಬರು ಕೆಲಸ ಬಿಟ್ಟರು. 1979ರಲ್ಲಿ ಆಕ್ಟಿವಿಷನ್ ಅನ್ನುವ ಕಂಪನಿ ಹುಟ್ಟಿತು. ಅಟಾರಿ ಕೇಸು ಹಾಕಿತು, ಕೊನೆಗೆ ರಾಜಿಯಾಯಿತು. ದಾರಿ ತೆರೆದದ್ದು ತೆರೆದೇ ಹೋಯಿತು. ಗೇಮ್ ಅಂದರೆ ಏನೆಂದು ಗೊತ್ತಿಲ್ಲದ ಕಂಪನಿಗಳೂ ಕ್ಯಾಟ್ರಿಡ್ಜ್ (ಪೆಟ್ಟಿಗೆಗೆ ಸಿಕ್ಕಿಸುವ ಗೇಮ್ ಕ್ಯಾಸೆಟ್) ಮಾಡಿ ಸುರಿದವು. ಅಂಗಡಿಗಳಲ್ಲಿ ರಾಶಿ ಬಿತ್ತು. ಅಟಾರಿಯೇ ಅವಸರದಲ್ಲಿ ಮಾಡಿದ ‘ಇ.ಟಿ.’ ಗೇಮ್ ಎಷ್ಟು ಮಾರದೆ ಉಳಿಯಿತೆಂದರೆ, ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಬೇರೆ ಸರಕಿನ ಜೊತೆ ಅದನ್ನೂ ಹೂಳಿದರು. 2014ರಲ್ಲಿ ಅಗೆದು ನೋಡಿದಾಗ ಸಿಕ್ಕಿತು ಕೂಡ. 1983ರಲ್ಲಿ ಅಮೆರಿಕದಲ್ಲಿ 300 ಕೋಟಿ ಡಾಲರ್ ದಾಟಿದ್ದ ವಹಿವಾಟು ಎರಡು ವರ್ಷದಲ್ಲಿ ಸುಮಾರು 10 ಕೋಟಿ ಡಾಲರ್‌ಗೆ ಬಿತ್ತು.

ಇದನ್ನೆಲ್ಲ ದೂರದಿಂದ ನೋಡುತ್ತಿದ್ದದ್ದು ಕ್ಯೋಟೋದ ನಿಂಟೆಂಡೊ. 1889ರಲ್ಲಿ ಇಸ್ಪೀಟಿನಂಥ ಹನಾಫುಡ ಎಲೆಗಳನ್ನು ಮಾಡಲು ಶುರುವಾದ ಹಳೇ ಕಂಪನಿ. 1985ರ ಕೊನೆಗೆ ನ್ಯೂಯಾರ್ಕಿನಲ್ಲಿ ತನ್ನ ಎನ್‌ಇಎಸ್ ಕನ್ಸೋಲ್ ಇಳಿಸುವಾಗ ಅಂಗಡಿಯವರು ವಿಡಿಯೊ ಗೇಮ್ ಅಂದರೆ ಮುಖ ತಿರುಗಿಸುತ್ತಿದ್ದರು. ನಿಂಟೆಂಡೊ ಜೊತೆಗೊಂದು ರೋಬೋ ಕೊಟ್ಟು ‘ಇದು ಆಟಿಕೆ ಸ್ವಾಮಿ’ ಅನ್ನುವ ಹಾಗೆ ಮಾರಿತು. ಇದು ಹೊರಗಿನ ಉಪಾಯ. ಒಳಗಿನ ಉಪಾಯ ಒಂದು ಚಿಕ್ಕ ಚಿಪ್.

ಪೆಟ್ಟಿಗೆಯೊಳಗೆ ಒಂದು ಚಿಪ್, ಪ್ರತಿ ಕ್ಯಾಟ್ರಿಡ್ಜ್ ಒಳಗೂ ಅದರ ಜೋಡಿ. ಸ್ವಿಚ್ ಹಾಕಿದ ಕೂಡಲೇ ಎರಡೂ ಮಾತಾಡಿಕೊಳ್ಳುತ್ತವೆ. ಉತ್ತರ ತಪ್ಪಿದರೆ ಪೆಟ್ಟಿಗೆ ಪದೇ ಪದೇ ರೀಸೆಟ್ ಆಗುತ್ತದೆ, ಗೇಮ್ ಶುರುವೇ ಆಗುವುದಿಲ್ಲ. ಆ ಚಿಪ್ ಸಿಗುವುದು ನಿಂಟೆಂಡೊ ಹತ್ತಿರ ಮಾತ್ರ. ಹಾಗಾಗಿ ಗೇಮ್ ಮಾಡುವವರು ನಿಂಟೆಂಡೊ ಹೇಳಿದ ಕಡೆ ಸಹಿ ಹಾಕಬೇಕು. ಷರತ್ತುಗಳು ಬಿಗಿ. ವರ್ಷಕ್ಕೆ ಐದೇ ಗೇಮ್. ಅದೇ ಗೇಮನ್ನು ಎರಡು ವರ್ಷ ಬೇರೆ ಕನ್ಸೋಲ್‌ಗೆ ಕೊಡುವಂತಿಲ್ಲ. ಕ್ಯಾಟ್ರಿಡ್ಜ್ ತಯಾರಿಸುವುದೂ ನಿಂಟೆಂಡೊನೇ, ಅದಕ್ಕೆ ದುಡ್ಡು ಮುಂಗಡ. ಮಾರದೆ ಉಳಿದರೆ ನಷ್ಟ ಗೇಮ್ ಮಾಡಿದವನದು.

ಅಂದರೆ ಗೇಮ್ ಓಡಲಿ, ಬಿಡಲಿ, ನಿಂಟೆಂಡೊ ಪಾಲು ಮೊದಲೇ ಜೇಬಿಗೆ ಬಿದ್ದಿರುತ್ತದೆ. ಕಸದಂಥ ಗೇಮ್‌ಗಳು ನಿಂತವು ಅನ್ನುವುದೂ ನಿಜವೇ, ಅದನ್ನು ಅಲ್ಲಗಳೆಯಬಾರದು.

ಬೀಗ ಇದ್ದ ಮೇಲೆ ಮುರಿಯುವವರೂ ಇರುತ್ತಾರೆ. ಅಟಾರಿ ಗೇಮ್ಸ್ ಕಂಪನಿ ಚಿಪ್ಪಿನ ಗುಟ್ಟು ಬಿಡಿಸಲು ಒದ್ದಾಡಿ ಸೋತು, ಕೊನೆಗೆ ಅಮೆರಿಕದ ಕಾಪಿರೈಟ್ ಕಚೇರಿಗೇ ಹೋಯಿತು. ನಮ್ಮ ಮೇಲೆ ಕೇಸಿದೆ, ಅದಕ್ಕೆ ಬೇಕು ಎಂದು ಸುಳ್ಳು ಹೇಳಿ ಅಲ್ಲಿ ಇಟ್ಟಿದ್ದ ಪ್ರೋಗ್ರಾಮ್ ಪ್ರತಿಯನ್ನೇ ತಂದಿತು. ತನ್ನದೇ ಚಿಪ್ ಮಾಡಿ ‘ಟೆಂಗೆನ್’ ಹೆಸರಲ್ಲಿ ಕ್ಯಾಟ್ರಿಡ್ಜ್ ಮಾರಿತು. 1992ರಲ್ಲಿ ಕೋರ್ಟು ಒಪ್ಪಲಿಲ್ಲ. ಸುಳ್ಳು ಹೇಳಿ ತಂದದ್ದೇ ಮುಳುವಾಯಿತು.

ಸೆಗಾ ಬಂದದ್ದು, ಸೋನಿ ಹುಟ್ಟಿದ್ದು

1990ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಂಟೆಂಡೊದ್ದು. ಎದುರು ನಿಂತದ್ದು ಟೋಕಿಯೊದ ಸೆಗಾ. ಅದರ ಜೆನೆಸಿಸ್ ಕನ್ಸೋಲ್ 1989ರಲ್ಲೇ ಅಮೆರಿಕಕ್ಕೆ ಬಂದಿತ್ತು, ಆದರೆ ಕೇಳುವವರಿರಲಿಲ್ಲ. ಅಲ್ಲಿನ ವ್ಯಾಪಾರ ನೋಡಿಕೊಳ್ಳಲು ಕರೆತಂದದ್ದು ಟಾಮ್ ಕಲಿನ್ಸ್ಕಿ ಎಂಬವರನ್ನು. ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪನಿಯಲ್ಲಿ ಪಳಗಿದ ಆಸಾಮಿ.

ಅವರ ಸಲಹೆ ಕೇಳಿ ಜಪಾನಿನ ಬೋರ್ಡು ಕೆಂಡವಾಯಿತಂತೆ. ಪೆಟ್ಟಿಗೆ ಬೆಲೆ ಇಳಿಸಿ. ಹೊಸದಾಗಿ ಬರುವ ‘ಸೋನಿಕ್’ ಗೇಮನ್ನು ಪೆಟ್ಟಿಗೆ ಜೊತೆ ಪುಕ್ಕಟೆ ಕೊಡಿ. ಅಮೆರಿಕದಲ್ಲೇ ಗೇಮ್ ಮಾಡಿಸಿ. ಜಾಹೀರಾತಿನಲ್ಲಿ ನಿಂಟೆಂಡೊವನ್ನು ಹೆಸರು ಹಿಡಿದು ಗೇಲಿ ಮಾಡಿ. ಅತಿ ಚೆನ್ನಾಗಿರುವ ಗೇಮನ್ನೇ ಸುಮ್ನೆ ಕೊಡಬೇಕಾ ಎಂದು ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಸುಂಕದ ಲೆಕ್ಕ ಹಾಕಿ ನೋಡಿದರೆ ಅದೇ ಸರಿ. ಒಂದು ಸೋನಿಕ್ ಕೊಟ್ಟು ಹುಡುಗನನ್ನು ಒಳಗೆ ತಂದರೆ, ಮುಂದೆ ಅವನು ಕೊಳ್ಳುವ ಪ್ರತಿ ಗೇಮಿನಲ್ಲೂ ಪಾಲು. ಸೆಗಾ ಅಧ್ಯಕ್ಷ ಹಯಾವೊ ನಕಯಾಮ ಒಪ್ಪಿದರು. ಕೆಲವೇ ವರ್ಷದಲ್ಲಿ ಅಮೆರಿಕದ 16-ಬಿಟ್ ಪೀಳಿಗೆಯ ಕನ್ಸೋಲ್ ಮಾರುಕಟ್ಟೆಯ ಅರ್ಧಕ್ಕೂ ಜಾಸ್ತಿ ಸೆಗಾ ಕೈಗೆ ಬಂತು.

ಇದೇ ಸೆಗಾಗೆ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿ ಬೇರೆ ಪಾಠ ಕಲಿಸಿತು. ಅವರ ಎಂಜಿನಿಯರ್‌ಗಳು ಜೆನೆಸಿಸ್ ಬಿಚ್ಚಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಾವೇ ಕಂಡುಕೊಂಡರು. ಆಮೇಲೆ ಸೆಗಾ ಬಳಿ ಹೋಗಿ, ನಿಮ್ಮ ಅನುಮತಿ ಇಲ್ಲದೆಯೂ ನಾವು ಗೇಮ್ ಮಾಡಬಲ್ಲೆವು, ಬೇಕಾದರೆ ರಾಜಿಯಾಗೋಣ ಎಂದರು. ಸೆಗಾ ಸುಂಕ ಇಳಿಸಿತು, ಕ್ಯಾಟ್ರಿಡ್ಜ್ ಅವರೇ ಮಾಡಿಕೊಳ್ಳಲು ಬಿಟ್ಟಿತು. ಅದಕ್ಕೇ ಆ ಕಾಲದ ಇಎ ಕ್ಯಾಟ್ರಿಡ್ಜ್‌ಗಳ ಆಕಾರವೇ ಬೇರೆ, ಪಕ್ಕದಲ್ಲಿ ಹಳದಿ ಪಟ್ಟಿ.

ಅತ್ತ ನಿಂಟೆಂಡೊ ತನ್ನ ಮುಂದಿನ ವೈರಿಯನ್ನು ತಾನೇ ಬೆಳೆಸುತ್ತಿತ್ತು. ಸೋನಿಯ ಎಂಜಿನಿಯರ್ ಕೆನ್ ಕುಟರಾಗಿ ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಸೌಂಡ್ ಚಿಪ್ ಮಾಡಿಕೊಟ್ಟಿದ್ದರು. ಆ ಪರಿಚಯದಲ್ಲಿ, ಸೂಪರ್ ನಿಂಟೆಂಡೊಗೆ ಸಿಡಿ ಡ್ರೈವ್ ಮಾಡುವ ಒಪ್ಪಂದವೂ ಆಯಿತು. ಆಮೇಲೆ ನಿಂಟೆಂಡೊ ಕಾಗದವನ್ನು ಸರಿಯಾಗಿ ಓದಿದಾಗ ಸಿಡಿ ಗೇಮ್‌ಗಳ ಸುಂಕ ಸೋನಿಗೆ ಹೋಗುತ್ತದೆ ಅನ್ನುವುದು ಕಂಡಿತು. 1991ರ ಜೂನ್‌ನಲ್ಲಿ ಶಿಕಾಗೊದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ ಈ ಜೋಡಿ ಯಂತ್ರವನ್ನು ಜಗತ್ತಿಗೆ ಪರಿಚಯಿಸಿತು. ಮಾರನೇ ದಿನ ಅದೇ ಮೇಳದಲ್ಲಿ ನಿಂಟೆಂಡೊ, ನಾವು ಫಿಲಿಪ್ಸ್ ಜೊತೆ ಹೋಗುತ್ತೇವೆ ಎಂದು ಘೋಷಿಸಿತು. ನಾಲ್ಕು ಜನರ ಮುಂದೆ ಮಾನ ಹೋದ ಹಾಗಾಯಿತು. ಸೋನಿ ಅಧ್ಯಕ್ಷ ನೊರಿಯೊ ಒಹ್ಗ ಕುಟರಾಗಿಯ ಬೆನ್ನಿಗೆ ನಿಂತರು. ಆ ಸಿಟ್ಟಿನಿಂದ ಹುಟ್ಟಿದ್ದು ಪ್ಲೇಸ್ಟೇಷನ್.

ಮುಂದಿನದು 1995ರ ಮೇ ತಿಂಗಳ ಲಾಸ್ ಏಂಜಲಿಸ್. ಇ3 ಎಂಬ ಗೇಮ್ ಮೇಳ ಅದೇ ಮೊದಲ ಸಲ ನಡೆಯುತ್ತಿತ್ತು. ಸೆಗಾದ ಸ್ಯಾಟರ್ನ್ ಸೆಪ್ಟೆಂಬರ್‌ಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ವೇದಿಕೆ ಹತ್ತಿದ ಕಲಿನ್ಸ್ಕಿ, ಸ್ಯಾಟರ್ನ್ ಇವತ್ತೇ ಅಂಗಡಿಯಲ್ಲಿದೆ, 399 ಡಾಲರ್ ಎಂದರು. ಪ್ಲೇಸ್ಟೇಷನ್‌ಗಿಂತ ನಾಲ್ಕು ತಿಂಗಳು ಮುಂದೆ ಹೋಗುವ ಆಸೆ. ಸೋನಿಯ ಸರದಿ ಬಂದಾಗ ಸ್ಟೀವ್ ರೇಸ್ ಮೈಕ್ ಹತ್ತಿರ ಬಂದು ‘ಇನ್ನೂರ ತೊಂಬತ್ತೊಂಬತ್ತು’ ಎಂದಷ್ಟೇ ಹೇಳಿ ಇಳಿದು ಹೋದರು. ಸಭೆಯಲ್ಲಿ ಚಪ್ಪಾಳೆ.

ಆ ನೂರು ಡಾಲರ್ ವ್ಯತ್ಯಾಸಕ್ಕಿಂತ ಸೆಗಾಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಅದರದೇ ಗುಟ್ಟು. ಸ್ಯಾಟರ್ನ್ ಸಿಕ್ಕಿದ್ದು ಕೆಲವೇ ಅಂಗಡಿಗಳಿಗೆ. ಸಿಗದ ಕೆಬಿ ಟಾಯ್ಸ್ ಸಿಟ್ಟಿಗೆದ್ದು ಸೆಗಾ ಸರಕನ್ನೇ ನಿಲ್ಲಿಸಿತು. ಸೆಪ್ಟೆಂಬರ್‌ಗೆ ಅಂತ ಗೇಮ್ ಮಾಡುತ್ತಿದ್ದ ಕಂಪನಿಗಳಿಗೂ ಹೇಳಿರಲಿಲ್ಲ. ಪೆಟ್ಟಿಗೆ ಬಂತು, ಆಡಲು ಗೇಮ್‌ಗಳಿಲ್ಲ. ಅಂಗಡಿ ಹಾಕುವವರಿಗೆ ತಿಳಿಸದೆ ಸಂತೆ ದಿನ ಬದಲಿಸಿದ ಹಾಗೆ.

ಸೋನಿ ಮಾಡಿದ ಅಸಲಿ ಕೆಲಸ ಸುಂಕದ ಕಡೆ ಇತ್ತು. ನಿಂಟೆಂಡೊ 64 ಕನ್ಸೋಲ್ ಹಟ ಹಿಡಿದು ಕ್ಯಾಟ್ರಿಡ್ಜಿನಲ್ಲೇ ಉಳಿಯಿತು. ಕ್ಯಾಟ್ರಿಡ್ಜ್ ಮಾಡಲು ದುಬಾರಿ, ಕೈಗೆ ಬರಲು ವಾರಗಟ್ಟಲೆ ಬೇಕು. ಜಾಸ್ತಿ ಆರ್ಡರ್ ಕೊಟ್ಟರೆ ಉಳಿದು ನಷ್ಟ, ಕಮ್ಮಿ ಕೊಟ್ಟರೆ ಹಬ್ಬದ ಹೊತ್ತಿಗೆ ಸರಕೇ ಇಲ್ಲ. ಸಿಡಿ ಒತ್ತಲು ಪುಡಿಗಾಸು ಸಾಕು. ಮೊದಲು ಸ್ವಲ್ಪ ಒತ್ತಿ, ಓಡಿದರೆ ಕೆಲವೇ ದಿನದಲ್ಲಿ ಇನ್ನಷ್ಟು ಒತ್ತಬಹುದು. ಗೇಮ್ ಮಾಡುವವನ ಎದೆಬಡಿತ ಇಳಿಯಿತು. ನಿಂಟೆಂಡೊಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಸ್ಕ್ವೇರ್ ಕಂಪನಿ ತನ್ನ ‘ಫೈನಲ್ ಫ್ಯಾಂಟಸಿ 7’ ಎತ್ತಿಕೊಂಡು 1996ರಲ್ಲಿ ಸೋನಿ ಕಡೆ ಬಂತು. ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿತು. ನಿಂಟೆಂಡೊ 64 ಮೂರು ಕೋಟಿಯ ಆಸುಪಾಸಿನಲ್ಲೇ ನಿಂತಿತು.

ಸೆಗಾ ಕೊನೆಯ ಸಲ ಎದ್ದದ್ದು ಡ್ರೀಮ್‌ಕಾಸ್ಟ್‌ನಲ್ಲಿ. ಒಳ್ಳೆಯ ಯಂತ್ರ, ಅನುಮಾನವಿಲ್ಲ. ಆದರೆ ಇಎ ಅದಕ್ಕೆ ಗೇಮ್ ಮಾಡಲೇ ಇಲ್ಲ. ಇನ್ನೊಂದು ಕಡೆ, ಬೀಗದಲ್ಲೇ ಸಂದು. ಮನೆಯಲ್ಲಿ ಬರೆದ ಸಾಮಾನ್ಯ ಸಿಡಿ ಹಾಕಿದರೂ ಗೇಮ್ ಓಡುತ್ತಿತ್ತು, ಪೆಟ್ಟಿಗೆ ಬಿಚ್ಚುವ ಕೆಲಸವೂ ಇಲ್ಲ. ಪೆಟ್ಟಿಗೆಯಲ್ಲಿ ನಷ್ಟ, ಗೇಮಿನಲ್ಲಿ ಸುಂಕ ಇಲ್ಲ. 2001ರ ಜನವರಿ ಕೊನೆಗೆ ಸೆಗಾ ಕನ್ಸೋಲ್ ವ್ಯಾಪಾರ ಬಿಟ್ಟಿತು. ಆಗಿನ ಅಧ್ಯಕ್ಷ ಇಸಾವೊ ಒಕಾವ ಸಾಯುವ ಮುನ್ನ ತಮ್ಮ ಸ್ವಂತ ಸುಮಾರು 70 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕಂಪನಿಗೆ ಕೊಟ್ಟು ಉಳಿಸಿದರು.

ಸುಂಕ ತಪ್ಪಿಸುವ ವಿಷಯದಲ್ಲಿ ನಾವೂ ಏನು ಕಮ್ಮಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಟಿವಿ ಗೇಮ್’ ಎಂದು ಸಿಗುತ್ತಿದ್ದದ್ದರಲ್ಲಿ ಬಹುಪಾಲು ನಿಂಟೆಂಡೊದ ನಕಲು. ಮಾರಿಯೊ, ಕಾಂಟ್ರಾ ಆಡಿದ ಒಂದು ತಲೆಮಾರಿಗೆ ನಿಂಟೆಂಡೊ ಹೆಸರೇ ಗೊತ್ತಿರಲಿಲ್ಲ. ಒಂದೇ ಕ್ಯಾಸೆಟ್‌ನಲ್ಲಿ ಲಕ್ಷಗಟ್ಟಲೆ ಗೇಮ್ ಎಂದು ಬರೆದಿರುತ್ತಿತ್ತು, ಹಾಕಿ ನೋಡಿದರೆ ಅವೇ ಏಳೆಂಟು. ಆಮೇಲೆ ಬಂದ ಪ್ಲೇಸ್ಟೇಷನ್ 2ಕ್ಕೂ ಚಿಪ್ ಹಾಕಿಸಿ ಕಾಪಿ ಡಿಸ್ಕ್ ಆಡಿದವರೇ ಜಾಸ್ತಿ. ಪೆಟ್ಟಿಗೆ ಮಾತ್ರ ಕೊಂಡು ಗೇಮ್ ಕೊಳ್ಳದ ಗಿರಾಕಿಯನ್ನು ಕಂಡರೆ ಈ ಕಂಪನಿಗಳಿಗೆ ಯಾಕೆ ಉತ್ಸಾಹ ಇರುತ್ತಿರಲಿಲ್ಲ ಅನ್ನುವುದು ಈಗ ಅರ್ಥವಾದೀತು.

ದುಡ್ಡಿನ ಚೀಲ ಹಿಡಿದು ಬಂದವರು

ಪ್ಲೇಸ್ಟೇಷನ್ 2 ಡಿವಿಡಿ ಪ್ಲೇಯರ್ ಕೂಡ ಆಗಿತ್ತು. 15 ಕೋಟಿಗೂ ಜಾಸ್ತಿ ಮಾರಾಟವಾಯಿತು. ಟಿವಿ ಕೆಳಗಿನ ಜಾಗ ಪೂರ್ತಿ ಸೋನಿ ಪಾಲಾದರೆ ಕಂಪ್ಯೂಟರ್ ಗತಿಯೇನು ಎಂಬ ಭಯದಲ್ಲಿ ಮೈಕ್ರೋಸಾಫ್ಟ್ 2001ರಲ್ಲಿ ಎಕ್ಸ್‌ಬಾಕ್ಸ್ ತಂದಿತು. ಒಳಗೆ ಇಂಟೆಲ್ ಪ್ರೊಸೆಸರ್, ಹಾರ್ಡ್ ಡಿಸ್ಕ್. ಅಂದರೆ ಹೆಚ್ಚುಕಮ್ಮಿ ಪಿಸಿಯೇ. ಮಾರಿದಷ್ಟೂ ನಷ್ಟ. ಅದರ ಮುಂದಿನ ಎಕ್ಸ್‌ಬಾಕ್ಸ್ 360ರಲ್ಲಿ ಬಿಸಿ ಜಾಸ್ತಿಯಾಗಿ ಬೆಸುಗೆ ಬಿಟ್ಟು, ಮುಂದೆ ಮೂರು ಕೆಂಪು ದೀಪ ಉರಿದು ಸತ್ತುಹೋಗುವ ರೋಗ ಬಂತು. 2007ರಲ್ಲಿ ವಾರಂಟಿ ಮೂರು ವರ್ಷಕ್ಕೆ ಏರಿಸಿ, ಅದಕ್ಕೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ತೆಗೆದಿಡಬೇಕಾಯಿತು. ಬೇರೆ ಯಾರಾಗಿದ್ದರೂ ಅಂಗಡಿ ಮುಚ್ಚುತ್ತಿದ್ದರು. ವಿಂಡೋಸ್ ದುಡ್ಡು ಇದ್ದದ್ದಕ್ಕೆ ಇವರು ಉಳಿದರು.

ಅದೇ ಹೊತ್ತಿಗೆ ಸೋನಿಗೆ ತಲೆ ತಿರುಗಿತ್ತು. 2006ರ ಪ್ಲೇಸ್ಟೇಷನ್ 3ಕ್ಕೆ 599 ಡಾಲರ್! ಅಷ್ಟು ತೆಗೆದುಕೊಂಡರೂ ಬ್ಲೂ-ರೇ ಡ್ರೈವ್, ಸೆಲ್ ಎಂಬ ಹೊಸ ಪ್ರೊಸೆಸರ್ ಸೇರಿ ಸೋನಿಗೆ ನಷ್ಟವೇ. ಬ್ಲೂ-ರೇ ಸಿನಿಮಾ ಡಿಸ್ಕ್ ಯುದ್ಧವನ್ನು 2008ರಲ್ಲಿ ಗೆದ್ದರು, ಗೇಮ್ ಯುದ್ಧದಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದರು.

ನಿಂಟೆಂಡೊ ಈ ಜಗಳದಿಂದ ಹೊರಗೇ ಉಳಿಯಿತು. ಹಳೆಯ, ಅಗ್ಗದ ಬಿಡಿಭಾಗಗಳಿಂದ ಹೊಸ ಆಟ ಕಟ್ಟಬೇಕು ಅನ್ನುವುದು ಗೇಮ್ ಬಾಯ್ ಮಾಡಿದ ಗುನ್ಪೇ ಯೊಕೊಯ್ ಕಾಲದಿಂದ ಅಲ್ಲಿ ನಡೆದುಬಂದ ಪದ್ಧತಿ. ಕೈಬೀಸಿ ಆಡುವ ವೀ ಕನ್ಸೋಲ್ 250 ಡಾಲರ್, ಮೊದಲ ದಿನದಿಂದಲೇ ಪೆಟ್ಟಿಗೆಯಲ್ಲೂ ಲಾಭ. ಜನ ನಿಂಟೆಂಡೊ ಪೆಟ್ಟಿಗೆ ಕೊಳ್ಳುವುದು ಮಾರಿಯೊ, ಜೆಲ್ಡಾಗಾಗಿ. ಅವು ಸೋನಿ, ಮೈಕ್ರೋಸಾಫ್ಟ್ ಪೆಟ್ಟಿಗೆಗಳಲ್ಲಿ ಸಿಗುವುದಿಲ್ಲ, ಅವುಗಳ ಪೂರ್ತಿ ದುಡ್ಡೂ ಅವರದೇ. ವೀ 10 ಕೋಟಿ ದಾಟಿತು. ಮುಂದಿನ ವೀ ಯು ಏನೆಂದೇ ಜನಕ್ಕೆ ಅರ್ಥವಾಗದೆ 1.36 ಕೋಟಿಗೆ ನಿಂತಿತು. ಅದರ ಮುಂದಿನ ಸ್ವಿಚ್ 15 ಕೋಟಿ ದಾಟಿತು. ಇವರದು ಒಂದೋ ಹಬ್ಬ, ಇಲ್ಲವೋ ಉಪವಾಸ.

2013ರಲ್ಲಿ ಮೈಕ್ರೋಸಾಫ್ಟ್ ಒಂದು ಕೈ ನೋಡಲು ಹೋಗಿ ಸುಟ್ಟುಕೊಂಡಿತು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೈಬದಲಾದರೆ ಕನ್ಸೋಲ್ ಕಂಪನಿಗೆ ಕಾಸೂ ಇಲ್ಲ. ಒಂದೇ ಡಿಸ್ಕನ್ನು ನಾಲ್ಕು ಜನ ಆಡಿ ಮಾರಿದರೂ ಸುಂಕ ಒಂದೇ ಸಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಇದಕ್ಕೆ ಕಡಿವಾಣ ಹಾಕುತ್ತೇವೆ, ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಸೇರಿಸಲೇಬೇಕು ಎಂದರು. ಬೆಲೆ 499 ಡಾಲರ್. ಸೋನಿ ತನ್ನ ಪ್ಲೇಸ್ಟೇಷನ್ 4ಕ್ಕೆ 399 ಎಂದಿತು. ಜೊತೆಗೆ ‘ಗೇಮ್ ಹಂಚಿಕೊಳ್ಳುವುದು ಹೇಗೆ’ ಎಂದು ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟಿತು. ಅದರಲ್ಲಿ ಇದ್ದದ್ದು ಇಷ್ಟೇ: ಸೋನಿಯ ಶುಹೇ ಯೊಶಿದಾ ಪಕ್ಕದವರಿಗೆ ಗೇಮ್ ಡಬ್ಬಿ ಕೊಡುತ್ತಾರೆ, ಅವರು ಥ್ಯಾಂಕ್ಸ್ ಅನ್ನುತ್ತಾರೆ. ಒಂದೆರಡು ವಾರದಲ್ಲೇ ಮೈಕ್ರೋಸಾಫ್ಟ್ ಆ ನಿಯಮಗಳನ್ನೆಲ್ಲ ಹಿಂದೆ ತೆಗೆದುಕೊಂಡಿತು. ಹೋದ ಮಾನ ವಾಪಸ್ ಬರಲಿಲ್ಲ. ಆಮೇಲೆ ಎರಡೂ ಕಂಪನಿಗಳು ಡಿಸ್ಕ್ ಡ್ರೈವ್ ಇಲ್ಲದ, ಕಮ್ಮಿ ಬೆಲೆಯ ಮಾಡೆಲ್ ತಂದವು. ಅಲ್ಲಿ ಸೆಕೆಂಡ್ ಹ್ಯಾಂಡ್ ಅನ್ನುವುದೇ ಇಲ್ಲ, ಯಾರೂ ಗಲಾಟೆ ಮಾಡಲೂ ಇಲ್ಲ.

ಪೆಟ್ಟಿಗೆಯಲ್ಲಿ ಸೋತ ಮೇಲೆ ಮೈಕ್ರೋಸಾಫ್ಟ್ ಗೇಮ್ ಮಾಡುವವರನ್ನೇ ಕೊಳ್ಳಲು ಹೊರಟಿತು. 2022ರ ಜನವರಿಯಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ ಖರೀದಿ ಘೋಷಣೆಯಾಯಿತು, 6,870 ಕೋಟಿ ಡಾಲರ್‌ಗೆ. ಹೌದು, 1979ರಲ್ಲಿ ಅಟಾರಿ ಬಿಟ್ಟವರು ಕಟ್ಟಿದ ಅದೇ ಆಕ್ಟಿವಿಷನ್. ಆಕ್ಟಿವಿಷನ್‌ನ ‘ಕಾಲ್ ಆಫ್ ಡ್ಯೂಟಿ’ ಗೇಮ್ ಕೈತಪ್ಪಿದರೆ ಆಟಗಾರರು ಹೋಗುತ್ತಾರೆ, ಅವರು ಕೊಳ್ಳುವ ಬೇರೆ ಗೇಮ್‌ಗಳ ಸುಂಕವೂ ಹೋಗುತ್ತದೆ ಎಂದು ಸೋನಿ ಹೆದರಿತು. ಅಮೆರಿಕ, ಬ್ರಿಟನ್ ಸರ್ಕಾರದ ಸಂಸ್ಥೆಗಳೂ ಅಡ್ಡ ಬಂದವು. ಕೋರ್ಟಿನಲ್ಲಿ ಮೈಕ್ರೋಸಾಫ್ಟ್ ಹೂಡಿದ ವಾದ ನೋಡಿ: ನಾವು ಕನ್ಸೋಲ್ ಯುದ್ಧದಲ್ಲಿ ಸೋತವರು, ನಮ್ಮಿಂದ ಯಾರಿಗೇನು ಅಪಾಯ? ಗೆಲ್ಲಲು ಸೋಲು ಒಪ್ಪಿಕೊಳ್ಳುವುದು ವಕೀಲರಿಗೆ ಮಾತ್ರ ಸಾಧ್ಯ.

ಆ ವಿಚಾರಣೆಯಲ್ಲೇ ಇನ್ನೊಂದು ತಮಾಷೆ ನಡೆಯಿತು. ಸೋನಿ ಕೊಟ್ಟ ಕಾಗದದಲ್ಲಿ ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಪೆನ್ನಿನಲ್ಲಿ ಗೀಚಿದ್ದರು. ಸ್ಕ್ಯಾನ್ ಮಾಡಿದಾಗ ಮಸಿಯ ಕೆಳಗಿನ ಅಕ್ಷರ ಕಂಡುಬಿಟ್ಟಿತು. ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗಕ್ಕೆ 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ ಡಾಲರ್‌ಗೂ ಮೇಲೆ ಖರ್ಚು. ಜನರನ್ನು ಪೆಟ್ಟಿಗೆಗೆ ಸೆಳೆಯುವ ಒಂದೊಂದು ಗೇಮಿನ ಬೆಲೆ ಇದು. 2023ರ ಅಕ್ಟೋಬರ್‌ನಲ್ಲಿ ಖರೀದಿ ಮುಗಿಯಿತು.

ಇಷ್ಟು ಖರ್ಚಾದ ಗೇಮನ್ನು ಒಂದೇ ಪೆಟ್ಟಿಗೆಯಲ್ಲಿ ಮಾರಿದರೆ ಅಸಲು ಹುಟ್ಟುವುದು ಕಷ್ಟ. ಚಿಪ್‌ಗಳ ಬೆಲೆಯೂ ಮೊದಲಿನ ಹಾಗೆ ಇಳಿಯುತ್ತಿಲ್ಲ. ಹಿಂದೆಲ್ಲ ಕನ್ಸೋಲ್ ಹಳೆಯದಾದಂತೆ ಅಗ್ಗವಾಗುತ್ತಿತ್ತು. 2025ರಲ್ಲಿ ಐದು ವರ್ಷ ಹಳೆಯ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎರಡರ ಬೆಲೆಯೂ ಅಮೆರಿಕದಲ್ಲಿ ಏರಿತು, ಎಕ್ಸ್‌ಬಾಕ್ಸ್‌ದು ಎರಡು ಸಲ. ಕೈಯಿಂದ ಹಾಕುವ ದುಡ್ಡು ಕಮ್ಮಿ ಮಾಡುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ‘ಫೋರ್ಜಾ ಹೊರೈಜನ್ 5’ ಗೇಮನ್ನು ಪ್ಲೇಸ್ಟೇಷನ್‌ಗೆ ಕೊಟ್ಟಿತು. ಎಕ್ಸ್‌ಬಾಕ್ಸ್‌ನ ಮುಖವೇ ಆಗಿದ್ದ ‘ಹೇಲೋ’ ಕೂಡ ಅಲ್ಲಿಗೆ ಬರುತ್ತದೆ ಎಂದು ಅಕ್ಟೋಬರ್‌ನಲ್ಲಿ ಹೇಳಿತು. ಸೋನಿಯೂ ‘ಹೆಲ್‌ಡೈವರ್ಸ್ 2’ ಗೇಮನ್ನು ಆಗಸ್ಟ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ತಂದಿತು. ಈಗ ಸೋನಿ ಅಂಗಡಿಯಲ್ಲಿ ಫೋರ್ಜಾ ಮಾರಾಟವಾದರೆ ಮೈಕ್ರೋಸಾಫ್ಟ್ ಸುಂಕ ಕಟ್ಟಬೇಕು, ಮೈಕ್ರೋಸಾಫ್ಟ್ ಅಂಗಡಿಯಲ್ಲಿ ಹೆಲ್‌ಡೈವರ್ಸ್ ಮಾರಾಟವಾದರೆ ಸೋನಿ ಕಟ್ಟಬೇಕು. ನಿಂಟೆಂಡೊ ಮಾತ್ರ ಮಾರಿಯೊವನ್ನು ಇವರಿಬ್ಬರ ಕನ್ಸೋಲ್‌ಗೂ ಕೊಟ್ಟಿಲ್ಲ.